ಕಂಬಳಿಯಲ್ಲಿ ಬಂದ ಬ್ಯಾಣ

ಡಿಸೆಂಬರಿನ ಬಿಸಿಲು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಅಂಥ ಹೊತ್ತಿನಲ್ಲಿ ಮೂವರು ನಡುವಯಸ್ಸಿನವರು ಮಳೆಗಾಲದಲ್ಲಿ ಹೊದೆಯುವಂತೆ ತಲೆಯಿಂದ ಮೊಣಕಾಲಿನವರೆಗೆ ಕಂಬಳಿಕೊಪ್ಪೆ ಹೊದ್ದುಕೊಂಡು, ಹುಲ್ಲು ತುಂಬಿದ ಬೋಳುಗುಡ್ಡದ ಮೇಲೆ ಅತ್ತಿಂದಿತ್ತ ಇತ್ತಿಂದತ್ತ ಓಡಾಡುತ್ತಿದ್ದರೆ ನೋಡಿದವರು ಏನೆಂದುಕೊಳ್ಳಬೇಕು? ಬಸರೀಕಟ್ಟೆಯ ಆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅಂದುಕೊಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಿಲ್ಲ. ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದು ಕೇಳಿಯೇಬಿಟ್ಟರು.

“ಎಂತ, ಶೂಟಿಂಗಾ?”

ಮೂವರಲ್ಲಿ ಒಬ್ಬರು ನನ್ನ ಗಂಡ. ಇನ್ನೊಬ್ಬರು ಅವರ ಹಳೆಯ ಗೆಳೆಯರು, ಬಸರೀಕಟ್ಟೆಯಲ್ಲಿ ಜೀಪು ಇಟ್ಟುಕೊಂಡಿರುವ ಸಾಹೇಬರು. ಆ ಗುಡ್ಡ ಹತ್ತಲು ಎಸ್ಟೇಟಿನ ಮಾಲೀಕರ ಹತ್ತಿರ ಮಾತಾಡಿ ಒಪ್ಪಿಗೆ ತಂದವರು ಅವರೇ. ಮಾಲೀಕರು ಅದನ್ನು ರೈಟರಿಗೆ ಹೇಳಲು ಮರೆತಿದ್ದರು.

“ಶೂಟಿಂಗ್ ಅಲ್ಲ ರೈಟ್ರೇ, ಹುಲ್ಲಿನ ಬೀಜ ಕೊಯ್ತಾ ಇದ್ದೇವೆ,” ಎಂದರು ಸಾಹೇಬರು.

“ಕಂಬಳಿಯಲ್ಲಿಯಾ?”

“ಹೌದು ಮಾರಾಯ್ರೆ, ಕತ್ತಿ ಮನೆಯಲ್ಲೇ ಮರ್ತು ಬಂದೆವು.”

ಮೂರನೆಯವಳು ನಾನು. ಕೊಪ್ಪದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಉಳಿದ ವೇಳೆಯಲ್ಲಿ ಚಿಂತೆ ಮಾಡುತ್ತೇನೆ. ರೈಟರ ಮುಂದೆ ನಾನು ಬಾಯಿ ಬಿಡಲಿಲ್ಲ. ಯಾಕೆಂದರೆ ಆ ಕಂಬಳಿಯ ಒಳಗೆ ನಾನೊಂದು ಕೊಡೆಯನ್ನೂ ಹಿಡಿದುಕೊಂಡಿದ್ದೆ. ಅಕಸ್ಮಾತ್ ಮಳೆ ಬಂದರೆ?

ನಮ್ಮ ಮನೆ ಇರುವುದು ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗೆ. ಮನೆಯ ಹಿಂದೊಂದು ಗುಡ್ಡ. ಅದಕ್ಕೆ ಬ್ಯಾಣ ಅಂತ ಹೆಸರು. ಬ್ಯಾಣ ಅಂದರೆ ನಮ್ಮ ಕಡೆ ಹುಲ್ಲಿನ ಗುಡ್ಡ. ಅಲ್ಲೊಂದು ಇಲ್ಲೊಂದು ಮರ, ಉಳಿದದ್ದೆಲ್ಲ ಸೊಂಟದೆತ್ತರದ ಹುಲ್ಲು. ಹಸಿರಿದ್ದಾಗ ದನ ಮೇಯುತ್ತವೆ, ಒಣಗಿದ ಮೇಲೆ ಅದೇ ಹುಲ್ಲು ಕರಡ ಎನ್ನಿಸಿಕೊಂಡು ಕತ್ತಿಗೆ ಸಿಕ್ಕು ಕೊಟ್ಟಿಗೆ ಸೇರುತ್ತದೆ. ಆದರೆ ನಾನು ಶೃಂಗೇರಿಯ ಪೇಟೆಯಿಂದ ಮದುವೆಯಾಗಿ ಇಲ್ಲಿಗೆ ಬರುವ ಹೊತ್ತಿಗೆ ಬ್ಯಾಣ ಎನ್ನುವುದು ಹೆಸರಿನಲ್ಲಿ ಮಾತ್ರ ಉಳಿದಿತ್ತು. ಗುಡ್ಡದ ಮೇಲೆ ಇದ್ದದ್ದು ಅಕೇಶಿಯಾ. ನೆಟ್ಟವರು ನಮ್ಮ ಮಾವನವರು. ಅವರದು ಕೆಟ್ಟ ಬುದ್ಧಿಯಲ್ಲ. ಸಸಿ ಪುಕ್ಕಟೆ ಸಿಗುತ್ತಿತ್ತು, ಗಿಡ ನೆಡುವುದು ಪುಣ್ಯದ ಕೆಲಸ ಎಂದು ಎಲ್ಲರೂ ಹೇಳುತ್ತಿದ್ದರು, ಗುಡ್ಡ ನೋಡಿದರೆ ‘ಖಾಲಿ’ ಇತ್ತು. ಹುಲ್ಲಿರುವ ಜಾಗವನ್ನು ಖಾಲಿ ಜಾಗ ಎನ್ನುವುದು ನಮ್ಮಲ್ಲಿ ಈಗಲೂ ಇರುವ ಮಾತು. ನಾನು ಅದಕ್ಕಿಂತ ಹೆಚ್ಚೇನೂ ತಿಳಿದವಳಾಗಿರಲಿಲ್ಲ. ಶೃಂಗೇರಿಯಲ್ಲಿ ನನಗೆ ಗೊತ್ತಿದ್ದ ಹುಲ್ಲು ಒಂದೇ, ಪೂಜೆಗೆ ಕಟ್ಟು ಕಟ್ಟಿ ಮಾರುವ ಗರಿಕೆ.

ಅಕೇಶಿಯಾ ಬೆಳೆದ ಮೇಲೆ ಗುಡ್ಡದ ನೆಲ ಕತ್ತಲಾಯಿತು. ಕುಡುಗೋಲಿನಂತೆ ಬಾಗಿದ ಆ ಎಲೆಗಳು ಉದುರಿ ಉದುರಿ ಹಾಸಿಗೆಯಾದವು. ಅದರ ಕೆಳಗೆ ಹುಲ್ಲಿನ ಒಂದು ಎಸಳೂ ಏಳಲಿಲ್ಲ. ಇದರ ಬಿಸಿ ತಾಗಿದ್ದು ನಮ್ಮ ಪಕ್ಕದ ಮನೆಯ ಚಿಕ್ಕಮ್ಮನಿಗೆ.

ಚಿಕ್ಕಮ್ಮ ಅಂದರೆ ನನ್ನವರ ದೂರದ ಚಿಕ್ಕಪ್ಪನ ಹೆಂಡತಿ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ ಅವರದು. ಆದರೂ ಅವರ ಮಾತುಕತೆಯೆಲ್ಲ ಹೆಚ್ಚಾಗಿ ಕೊಟ್ಟಿಗೆಯಲ್ಲೇ. ಅಲ್ಲಿ ನಾಲ್ಕು ಮಲೆನಾಡು ಗಿಡ್ಡ ದನಗಳಿವೆ, ಮೊಣಕೈಯೆತ್ತರದವು, ಕಣ್ಣಲ್ಲೇ ಬೈಯುವಂಥವು. ಹಾಲು ಚಹಾಕ್ಕಾದರೆ ಹೆಚ್ಚು. ಗಿಡ್ಡ ದನವನ್ನು ಕಟ್ಟಿ ಹಾಕಿ ಸಾಕಲು ಬರುವುದಿಲ್ಲ, ಅದಕ್ಕೆ ಗುಡ್ಡ ಬೇಕು. ಗುಡ್ಡದಲ್ಲಿ ಮೇವಿಲ್ಲದ ಮೇಲೆ ಅವು ರಸ್ತೆಗೆ ಇಳಿಯತೊಡಗಿದವು. ರಸ್ತೆಯಲ್ಲಿ ಬಸ್ಸು, ಟಿಪ್ಪರು. ಒಂದು ಸಲ ಕೆಂಪು ದನದ ಕೋಡಿಗೆ ಬಸ್ಸಿನ ಕನ್ನಡಿ ಸಿಕ್ಕಿಕೊಂಡು, ಕನ್ನಡಿ ದನದ ಜೊತೆಗೇ ಮನೆಗೆ ಬಂತು. ಊರೆಲ್ಲ ನಕ್ಕಿತು. ಚಿಕ್ಕಮ್ಮ ನಗಲಿಲ್ಲ.

ಅಕೇಶಿಯಾ ಬಲಿತಿತ್ತು, ಕಡಿಸಿದೆವು. ಮರ ಸಾಗಿಸಿದ್ದು ಸಾಹೇಬರೇ. ಬೋಳಾದ ಗುಡ್ಡಕ್ಕೆ ಏನು ಮಾಡುವುದೆಂದು ಜಗಲಿಯ ಮೇಲೆ ಒಂದು ಸಭೆಯೇ ನಡೆಯಿತು. ಪುನಃ ಅಕೇಶಿಯಾ ಎಂದರು ಒಬ್ಬರು, ರಬ್ಬರ್ ಎಂದರು ಇನ್ನೊಬ್ಬರು, ಜೀಪು ಹತ್ತುವ ಹಾಗೆ ದಾರಿ ಮಾಡಿ ಟೆಂಟು ಹಾಕಿ ಎಂದರು ಮತ್ತೊಬ್ಬರು. ಚಿಕ್ಕಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಎಲ್ಲ ಕೇಳಿಸಿಕೊಂಡು ಎದ್ದು ನಿಂತು, “ಎಂತ ಬೇಕಾದ್ರೂ ಮಾಡ್ಕೊಳ್ಳಿ. ನಾನಂತೂ ಈ ಗೋಪೂಜೆ ಮುಗಿಸಿ ದನ ನೆಮ್ಮಾರಿನ ತಂಗಿ ಮನೆಗೆ ಹೊಡೆದುಬಿಡ್ತೇನೆ. ಅಲ್ಲಿ ಮೇವುಂಟು,” ಎಂದರು.

ಹೇಳುವಾಗ ಅವರು ನಮ್ಮ ಯಾರ ಮುಖವನ್ನೂ ನೋಡಲಿಲ್ಲ, ಕೊಟ್ಟಿಗೆಯ ಕಡೆ ನೋಡುತ್ತಿದ್ದರು. ನನ್ನ ಬಾಯಿಂದ ಮಾತು ಉದುರಿಬಿತ್ತು. “ಬೇಡ ಚಿಕ್ಕಮ್ಮ, ಬ್ಯಾಣವನ್ನೇ ವಾಪಸ್ ತರುವ.”

ನನ್ನವರು ನನ್ನನ್ನು ನೋಡಿದರು. ನಾನೂ ಬೇರೆ ಯಾರೋ ಮಾತಾಡಿದರೇನೋ ಎಂಬಂತೆ ಹಿಂದಕ್ಕೆ ತಿರುಗಿ ನೋಡಿದೆ.

“ಹೌದನೇ?” ಎಂದರು ಚಿಕ್ಕಮ್ಮ. “ಹಾಗಾದ್ರೆ ಇನ್ನೊಂದು ವರ್ಷ ಕಾಯ್ತೇನೆ. ಬರುವ ವರ್ಷದ ಗೋಪೂಜೆ ಹೊತ್ತಿಗೆ ಹುಲ್ಲು ಕಾಣಬೇಕು. ಕಾಣದಿದ್ರೆ ಹೊಡೆಯೋದೇ. ನಿನ್ನ ಮಾತು ನಂಬ್ತೇನೆ ಮಾರಾಯ್ತಿ.”

ಬೈದಿದ್ದರೆ ಚೆನ್ನಾಗಿತ್ತು. ನಂಬುತ್ತೇನೆ ಎಂದುಬಿಟ್ಟರು. ಅಷ್ಟು ಸಾಕಾಯಿತು ನನಗೆ, ಒಂದು ವರ್ಷದ ಚಿಂತೆಗೆ.

ಚಿಂತೆ ಆಧಾರವಿಲ್ಲದ್ದೇನಲ್ಲ. ಆ ಸಭೆಗೆ ಮುಂಚೆ, ಮರ ಕಡಿದ ಮೇಲೆ ಬಂದ ಮೊದಲ ಮಳೆಗಾಲದಲ್ಲಿ ಗುಡ್ಡದ ಮೇಲೆ ಎದ್ದದ್ದು ಹುಲ್ಲಲ್ಲ, ಯುಪಟೋರಿಯಂ ಕಳೆ. ಅದನ್ನು ಸವರಿಸಿದೆವು. ಕೆಳಗೆ ಬರೀ ಕೆಂಪು ಮಣ್ಣು. ಅಷ್ಟು ವರ್ಷ ಕತ್ತಲಲ್ಲಿದ್ದ ನೆಲದಲ್ಲಿ ಹುಲ್ಲಿನ ಬೀಜ ಎಲ್ಲಿ ಉಳಿದಿರಬೇಕು? ಕೊಪ್ಪದ ಬೀಜದ ಅಂಗಡಿಯಲ್ಲಿ ಕೇಳಿದರೆ ದನಕ್ಕೆ ಹಾಕುವ ಹೈಬ್ರಿಡ್ ಹುಲ್ಲಿನ ಕಡ್ಡಿ ತೋರಿಸಿದರು. ಗುಡ್ಡದ ಹುಲ್ಲು ಬೇಕು ಎಂದದ್ದಕ್ಕೆ, “ಅದನ್ನೆಲ್ಲ ಯಾರು ಮಾರ್ತಾರೆ ಮೇಡಂ, ಅದು ತಾನಾಗೇ ಬರ್ತದೆ,” ಎಂದು ನಕ್ಕರು. ತಾನಾಗೇ ಬಾರದಿದ್ದರೆ ಏನು ಮಾಡುವುದೆಂದು ಅವರಿಗೂ ಗೊತ್ತಿರಲಿಲ್ಲ.

ದಾರಿ ಸಿಕ್ಕಿದ್ದು ನನ್ನವರ ಪ್ಯಾಂಟಿನಲ್ಲಿ. ಒಂದು ಭಾನುವಾರ ಸಾಹೇಬರ ಜೊತೆ ಬಸರೀಕಟ್ಟೆಯ ಆ ಎಸ್ಟೇಟಿಗೆ ಹೋದವರು ಸಂಜೆ ಮನೆಗೆ ಬಂದಾಗ ಪ್ಯಾಂಟು ಮುಳ್ಳುಹಂದಿಯಾಗಿತ್ತು. ಎಸ್ಟೇಟಿನ ತಲೆಯ ಮೇಲೆ ಇನ್ನೂ ಹುಲ್ಲುಗುಡ್ಡ ಉಳಿದಿದೆಯಂತೆ, ಅಲ್ಲಿ ಸುತ್ತಾಡಿ ಬಂದಿದ್ದರು. ನಾನು ಬಚ್ಚಲ ಒಲೆಯ ಮುಂದೆ ಕೂತು ಒಂದೊಂದೇ ಬೀಜ ಕಿತ್ತು ಬೆಂಕಿಗೆ ಎಸೆಯುತ್ತಿದ್ದೆ. ಬುಡ ಸೂಜಿಯಂತೆ ಚೂಪು, ಹಿಂದೆ ಉದ್ದದ ಕಪ್ಪು ಬಾಲ. ಪಟಪಟ ಉರಿಯುತ್ತಿದ್ದವು. ಅರ್ಧ ಪ್ಯಾಂಟು ಮುಗಿದ ಮೇಲೆ ನನಗೆ ಹೊಳೆಯಿತು, ಊರೆಲ್ಲ ಹುಡುಕಿದ್ದನ್ನು ನಾನು ಸ್ನಾನದ ನೀರು ಕಾಯಿಸಲು ಉರಿಸುತ್ತಿದ್ದೇನೆ.

ಸಾಹೇಬರಿಗೆ ಫೋನ್ ಮಾಡಿದೆ.

“ಅಯ್ಯೋ ಟೀಚರೇ, ಪ್ಯಾಂಟಿಗೇ ಇಷ್ಟು ಹಿಡಿದ್ರೆ ಕಂಬಳಿಗೆ ಎಷ್ಟು ಹಿಡಿಬಹುದು!” ಎಂದರು ಅವರು.

ಹೀಗೆ ನಾವು ಆ ಗುಡ್ಡದ ಮೇಲೆ ಕಂಬಳಿಕೊಪ್ಪೆಯಲ್ಲಿ ನಿಂತದ್ದು. ಒಂದು ಕಂಬಳಿ ಮಾವನವರದ್ದು, ಎರಡು ಸಾಹೇಬರ ಮನೆಯವು. ಒಳಗೆ ಬೆವರು ಧಾರೆ. ಹುಲ್ಲಿನ ನಡುವೆ ನಡೆದರೆ ಸಾಕು, ಬೀಜಗಳು ತಾವಾಗಿಯೇ ನೆಗೆದು ಬರುತ್ತಿದ್ದವು ಎನ್ನಬೇಕು. ಸಾಹೇಬರು ನಮ್ಮಿಬ್ಬರ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದರು, ಕೆಳಗೆ ‘ಕರಡಿ ಜೋಡಿ’ ಎಂದು ಬರೆದು. ಮರುದಿನ ಶಾಲೆಯಲ್ಲಿ ನಾನು ಕಪ್ಪು ಹಲಗೆಯ ಕಡೆಗೆ ತಿರುಗಿದಾಗಲೆಲ್ಲ ಹಿಂದೆ ಯಾರೋ ಕರಡಿಯಂತೆ ಗುರುಗುಟ್ಟುತ್ತಿದ್ದರು.

ಸಂಜೆ ಮೂರೂ ಕಂಬಳಿಗಳು ನಮ್ಮ ಅಂಗಳಕ್ಕೆ ಬಂದವು. ಬೀಜ ಹಿಡಿದು ಹಿಡಿದು ಕಂಬಳಿಯ ಬಣ್ಣವೇ ಕಾಣುತ್ತಿರಲಿಲ್ಲ. ನನ್ನವರು ಒಳಗೆ ತೆಗೆದುಕೊಂಡು ಹೋಗುತ್ತಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಒಳಗೆ ಬೇಡ. ಉಣ್ಣೆ ಇದ್ರೆ?”

ಉಣ್ಣೆ ಅಂದರೆ ದನಕ್ಕೆ ಅಂಟುವ ಆ ಸಣ್ಣ ಹುಳ. ನಮ್ಮ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಮಂಗನ ಕಾಯಿಲೆಯ ಹೆದರಿಕೆ, ಅದನ್ನು ಹರಡುವುದು ಈ ಹುಳವೇ. ಗುಡ್ಡ ಹತ್ತುವ ಮೊದಲು ಆರೋಗ್ಯ ಇಲಾಖೆಯವರು ಕೊಟ್ಟ ಎಣ್ಣೆಯನ್ನು ಮೂವರಿಗೂ ಬಳಿದವಳು ನಾನೇ. ಸಾಹೇಬರು “ಹುರಿಯಲಿಕ್ಕೆ ರೆಡಿ” ಎಂದಿದ್ದರು. ಹಾಗಾಗಿ ಕಂಬಳಿಗಳು ಆ ರಾತ್ರಿ ಹೊರಗೆ, ಅಂಗಳದ ತಂತಿಯ ಮೇಲೆಯೇ ಉಳಿದವು.

ಬೆಳಿಗ್ಗೆ ಎದ್ದು ನೋಡಿದರೆ ಇಬ್ಬನಿ ಬಿದ್ದು ಕಂಬಳಿಗಳು ತೊಯ್ದು ಹೋಗಿದ್ದವು. ಒಂದು ಬೀಜವನ್ನು ಎಳೆದೆ, ಬಾಲ ಕಿತ್ತು ಕೈಗೆ ಬಂತು, ಬೀಜ ಬರಲಿಲ್ಲ. ಇನ್ನೊಂದು ಎಳೆದೆ, ಅದೂ ಹಾಗೇ. ಆ ಹುಲ್ಲಿನ ಬೀಜದ ಸಂಗತಿ ನಮಗೆ ಆಗ ತಿಳಿಯಿತು. ಬಾಲಕ್ಕೆ ತೇವ ತಾಗಿದರೆ ಅದು ಹಗ್ಗ ಹೊಸೆದಂತೆ ತಿರುಗುತ್ತದೆ, ತಿರುಗುತ್ತ ಬೀಜವನ್ನು ನೆಲದೊಳಕ್ಕೆ ಕೊರೆಯುತ್ತದೆ. ನೆಲ ಸಿಗದಿದ್ದರೆ ಕಂಬಳಿಯೊಳಕ್ಕೆ. ಇಡೀ ರಾತ್ರಿ ಅವು ನಿಷ್ಠೆಯಿಂದ ಕೊರೆದಿದ್ದವು. ಬಾಚಣಿಗೆ ತಂದೆ, ಪಾತ್ರೆ ಉಜ್ಜುವ ತೆಂಗಿನ ನಾರಿನ ಬ್ರಷ್ಷು ತಂದೆ, ಕೊನೆಗೆ ಹುಬ್ಬು ತೀಡುವ ಚಿಮುಟವನ್ನೂ ತಂದೆ. ಕಂಬಳಿ ಚಾಪೆಯಂತೆ ಸೆಟೆದು ನಿಂತಿತ್ತು.

ಚಿಕ್ಕಮ್ಮ ಬೇಲಿಯಾಚೆಯಿಂದ ನೋಡಿದರು. “ಹುಲ್ಲೂ ಬರಲಿಲ್ಲ, ಕಂಬಳಿಯೂ ಹೋಯ್ತು,” ಎಂದಷ್ಟೇ ಹೇಳಿ ಹಾಲಿನ ಪಾತ್ರೆ ಹಿಡಿದು ಒಳಗೆ ಹೋದರು.

ನನ್ನವರು ಕಂಬಳಿಗಳನ್ನು ಬಿಸಿಲಿನಲ್ಲಿ ಒಣಗಿಸಿ, ಸುರುಳಿ ಸುತ್ತಿ ಅಟ್ಟಕ್ಕೆ ಎಸೆದರು. “ಬಿಡು, ಎಂತ ಆಗ್ತದೆ?” ಎಂದರು. ಮದುವೆಯಾದಂದಿನಿಂದ ಅವರದು ಇದೊಂದೇ ಪ್ರಶ್ನೆ. ನನ್ನ ಹತ್ತಿರ ಅದಕ್ಕೆ ಉತ್ತರಗಳು ಬೇಕಾದಷ್ಟಿವೆ. ಆ ಬೇಸಿಗೆಯೆಲ್ಲ ಅವನ್ನೇ ಕೊಟ್ಟುಕೊಂಡು ಕಳೆದೆ. ಬೀಜದ ಕಾಲ ಮುಗಿದಿತ್ತು. ಎಸ್ಟೇಟಿನ ಹುಲ್ಲು ಒಣಗಿ ಮಲಗಿತ್ತು. ಚಿಕ್ಕಮ್ಮನ ದನಗಳು ದುಡ್ಡು ಕೊಟ್ಟು ತಂದ ಬೈಹುಲ್ಲನ್ನು ಅಗಿಯುತ್ತ ನನ್ನ ಕಡೆ ನೋಡುತ್ತಿದ್ದವು. ನಾನು ಕೊಟ್ಟಿಗೆಯ ಮುಂದಿನ ದಾರಿ ಬಿಟ್ಟು ತೋಟದ ಕಾಲುದಾರಿಯಲ್ಲಿ ಬಸ್ಸಿಗೆ ಹೋಗತೊಡಗಿದೆ.

ಮೇ ತಿಂಗಳಲ್ಲಿ ಒಂದು ಮಂಗ ನಮ್ಮ ಹೆಂಚು ಸರಿಸಿತು. ಅದು ಯಾವಾಗಲೂ ಸರಿಸುತ್ತದೆ, ಹಲಸಿನ ಹಣ್ಣಿನ ಕಾಲದಲ್ಲಿ ನಮ್ಮ ಮಾಡು ಮಂಗಗಳ ಹೆದ್ದಾರಿ. ಆಮೇಲೆ ಎರಡು ಮೂರು ಗುಡುಗಿನ ಮಳೆ ಬಂತು. ಅಟ್ಟದಿಂದ ತೊಟ್ಟಿಕ್ಕುವುದು ಕಂಡು ನನ್ನವರು ಏಣಿ ಹಾಕಿ ಹತ್ತಿದರು. ನಾನು ಏಣಿ ಹಿಡಿದು ನಿಂತೆ. ಏಣಿ ಜಾರಿದರೆ, ಅಟ್ಟದ ಹಲಗೆ ಮುರಿದರೆ, ಹಾವಿದ್ದರೆ, ಎಂದು ಮನಸ್ಸಿನಲ್ಲೇ ಒಂದೊಂದಾಗಿ ಎಣಿಸುತ್ತಿದ್ದೆ. ಮೇಲೆ ಸದ್ದು ನಿಂತಿತು.

“ಇಲ್ಲಿ ಬಾ,” ಎಂದರು.

“ಹಾವಾ?”

“ಹಾವಲ್ಲ ಮಾರಾಯ್ತಿ. ಬಾ ನೀನು.”

ಹತ್ತಿದೆ. ಸರಿದ ಹೆಂಚಿನ ಸಂದಿಯಿಂದ ಒಂದು ಕೋಲು ಬೆಳಕು ಮಾವನವರ ಕಂಬಳಿಯ ಮೇಲೆ ಬಿದ್ದಿತ್ತು. ಮಳೆ ತೊಟ್ಟಿಕ್ಕಿದ ಜಾಗದಲ್ಲೆಲ್ಲ ಕಂಬಳಿಯಿಂದ ಹುಲ್ಲು ಎದ್ದಿತ್ತು. ಬಿಳಿಚಿಕೊಂಡ, ದಾರದಷ್ಟು ಸಣ್ಣ ಮೊಳಕೆಗಳು, ಎಲ್ಲವೂ ಆ ಬೆಳಕಿನ ಕಡೆಗೇ ಬಾಗಿದ್ದವು. ನಾನು ಬೆರಳಲ್ಲಿ ಮುಟ್ಟಿದೆ. ಬೇರು ಕಂಬಳಿಯನ್ನು ದಾಟಿ ಅಟ್ಟದ ದೂಳಿಗೆ ಇಳಿದಿತ್ತು.

ನನಗೆ ಅಳು ಬಂತು. ನನ್ನವರಿಗೆ ನಗು ಬಂತು. “ಬೀಜ ಬಿಡಿಸಿ ಬಿತ್ತಬೇಕು ಅಂತ ಯಾರು ಹೇಳಿದ್ದು ನಮಗೆ?” ಎಂದರು. “ಕಂಬಳಿಯನ್ನೇ ಬಿತ್ತುವ.”

ಮುಂಗಾರು ಹಿಡಿಯುವ ಮೊದಲು ಮೂರೂ ಕಂಬಳಿಗಳನ್ನು ಕತ್ತರಿಯಲ್ಲಿ ಚೌಕ ಚೌಕವಾಗಿ ಕತ್ತರಿಸಿದೆವು. ಮಾವನವರ ಕಂಬಳಿಗೆ ಕತ್ತರಿ ಹಾಕುವಾಗ ನನ್ನ ಕೈ ತಡೆಯಿತು. ನನ್ನವರೇ ತೆಗೆದುಕೊಂಡು ಕತ್ತರಿಸಿದರು. ಗುಡ್ಡದ ಮೇಲ್ಮಗ್ಗುಲಿನಲ್ಲಿ ಮಣ್ಣನ್ನು ಸ್ವಲ್ಪ ಕೆರೆದು, ತುಂಡುಗಳನ್ನು ಹಾಸಿ, ನಾಲ್ಕು ಮೂಲೆಗೆ ಬಿದಿರಿನ ಗೂಟ ಹೊಡೆದೆವು. ಸಾಹೇಬರು ಕೆಳಗೆ ನಿಂತು ನೋಡಿ, “ಟೀಚರೇ, ಗುಡ್ಡಕ್ಕೆ ತೇಪೆ ಹಾಕಿದ ಹಾಗುಂಟು,” ಎಂದರು.

ಮಳೆಗೆ ಮುಂಚೆಯೇ ತೇಪೆಗಳಿಗೆ ವಿಘ್ನ ಶುರುವಾಯಿತು. ಗೊರವಂಕಗಳು ಗೂಡಿಗೆಂದು ಕಂಬಳಿಯ ಎಳೆ ಕಿತ್ತವು. ಚಿಕ್ಕಮ್ಮನ ನಾಯಿಗೆ ಒಂದು ತುಂಡು ಬಹಳ ಇಷ್ಟವಾಗಿ ಅದರ ಮೇಲೆಯೇ ಮಲಗುತ್ತಿತ್ತು. ನಾನು ಶಾಲೆಯಿಂದ ಬಂದು ಚಹಾ ಕುಡಿಯುವ ಮೊದಲು ಗುಡ್ಡ ಹತ್ತಿ ನಾಯಿಯನ್ನು ಎಬ್ಬಿಸಿ ಬರುತ್ತಿದ್ದೆ. ನಾನು ಇಳಿದ ಮೇಲೆ ಅದು ಪುನಃ ಹತ್ತುತ್ತಿತ್ತು.

ಮಳೆ ಹಿಡಿಯಿತು. ಒಂದು ವಾರ ಗುಡ್ಡದ ಕಡೆ ಹೋಗಲಾಗಲಿಲ್ಲ. ಮಂಜು ಸರಿದ ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಗುಡ್ಡದ ಕೆಳಮಗ್ಗುಲೆಲ್ಲ ಹಸಿರು! ಕೈಯಲ್ಲಿದ್ದ ದೋಸೆ ಸೌಟು ಹಾಗೇ ಹಿಡಿದುಕೊಂಡು ಚಿಕ್ಕಮ್ಮನ ಮನೆಗೆ ಓಡಿದೆ. “ಬಂತು ಚಿಕ್ಕಮ್ಮ, ಬಂತು!” ಇಬ್ಬರೂ ಕೊಡೆ ಹಿಡಿದು ಹೋದೆವು. ಹತ್ತಿರ ಹೋಗಿ ಬಗ್ಗಿ ನೋಡಿದರೆ ಹುಲ್ಲಿನ ಎಸಳಲ್ಲ, ಸಣ್ಣ ಸಣ್ಣ ಜೋಡಿ ಎಲೆಗಳು. ಅಕೇಶಿಯಾ ಸಸಿ. ಕಡಿದ ಮರಗಳ ಬೀಜವೆಲ್ಲ ಮಣ್ಣಿನಲ್ಲಿ ಕಾಯುತ್ತ ಕೂತಿತ್ತು. ಗುಡ್ಡದ ತುಂಬ ಹಾಸಿದಂತೆ ಎದ್ದಿತ್ತು.

ಮಳೆ ಕೊಡೆಯ ಮೇಲೆ ಬಡಿಯುತ್ತಿತ್ತು. ಚಿಕ್ಕಮ್ಮ ಸೆರಗು ಸಿಕ್ಕಿಸಿ ಬಗ್ಗಿದರು. ಒಂದು ಸಸಿ ಕಿತ್ತರು, ಬೇರು ಮೇಲೆ ಮಾಡಿ ಪಕ್ಕಕ್ಕಿಟ್ಟರು. ಇನ್ನೊಂದು ಕಿತ್ತರು.

“ನಿಂತು ನೋಡಿದ್ರೆ ಹೋಗ್ತದಾ? ಮಣ್ಣು ಮೆತ್ತಗಿರುವಾಗಲೇ ಕೀಳಬೇಕು. ಬಗ್ಗು.”

ಆ ಮಳೆಗಾಲ ನಮ್ಮ ಮನೆಯವರು, ಚಿಕ್ಕಮ್ಮನ ಮನೆಯವರು, ಬಿಡುವಿದ್ದಾಗ ಸಾಹೇಬರು, ಎಲ್ಲರೂ ಕೀಳುವುದೇ ಕೀಳುವುದು. ಕಾಲಿಗೆ ಉಂಬಳ, ಬೆನ್ನಿಗೆ ಮಳೆ. ಚಿಕ್ಕಮ್ಮ ಕೀಳುತ್ತ ಕೀಳುತ್ತ ನನ್ನ ಮಾವನವರಿಗೆ ಬೈಯುತ್ತಿದ್ದರು. “ನೆಡುವಾಗ ಹೇಳಿದ್ದೆ ಭಾವನಿಗೆ, ದನಕ್ಕೆ ಒಂದು ಮೂಲೆ ಬಿಡಿ ಅಂತ. ಕೇಳ್ಬೇಕಲ್ಲ! ಈಗ ಮೇಲೆ ಕೂತು ನಗ್ತಿರ್ತಾರೆ.” ನನ್ನವರು ಪಕ್ಕದ ಸಾಲಿನಿಂದ, “ನಗುದಿಲ್ಲ ಚಿಕ್ಕಮ್ಮ, ಕಂಬಳಿ ಹುಡುಕ್ತಿರ್ತಾರೆ,” ಎಂದರು.

ಜುಲೈ ಕಳೆಯಿತು. ಚಿಕ್ಕಮ್ಮನ ಮಂಡಿ ಹಿಡಿದುಕೊಂಡಿತು, ಅವರು ಗುಡ್ಡ ಹತ್ತುವುದು ನಿಂತಿತು. “ಇನ್ನು ನಾನು ನೋಡುವುದು ಗೋಪೂಜೆ ದಿನವೇ. ಅಲ್ಲಿವರೆಗೆ ಬಂತು ಬಂತು ಅಂತ ಸೌಟು ಹಿಡ್ಕೊಂಡು ಬರ್ಬೇಡ,” ಎಂದರು. ನೆಮ್ಮಾರಿನಿಂದ ಅವರ ತಂಗಿ ಫೋನಿನಲ್ಲಿ, ಕೊಟ್ಟಿಗೆಯಲ್ಲಿ ನಾಲ್ಕು ಗೂಟ ಹೊಡೆಸಿಟ್ಟಿದ್ದೇವೆ ಎಂದು ಹೇಳಿದ್ದು ನನಗೂ ಗೊತ್ತಾಯಿತು.

ಕಂಬಳಿ ತುಂಡುಗಳು ಮಳೆಗೆ ಕೊಳೆತು ಕಪ್ಪಾಗಿ ಮಣ್ಣಿಗೆ ಅಂಟಿಕೊಂಡಿದ್ದವು. ಅವುಗಳಲ್ಲಿ ಏನೋ ಎಳೆಯದು ಎದ್ದಿತ್ತು ನಿಜ. ಆದರೆ ಒಮ್ಮೆ ಮೋಸ ಹೋದ ಕಣ್ಣು ನನ್ನದು, ಅದನ್ನು ಹುಲ್ಲೆಂದು ಕರೆಯಲು ಧೈರ್ಯ ಸಾಲಲಿಲ್ಲ. ಆಗಸ್ಟಿನಲ್ಲಿ ಮಳೆ ಕೆಲವು ದಿನ ಬಿಡುವು ಕೊಟ್ಟು ಬಿಸಿಲು ಬಂತು. ಇನ್ನು ಒಣಗುತ್ತದೆ ಎಂದು ಹೆದರಿ ಕೊಡದಲ್ಲಿ ನೀರು ಹೊತ್ತುಕೊಂಡು ಹತ್ತಿದೆ. ನೀರು ಹಾಕುವ ಅಗತ್ಯವಿರಲಿಲ್ಲ. ಬಿಸಿಲಿಗೆ ಅವು ಹುರುಪಾಗಿದ್ದವು. ಮೇಲ್ಮಗ್ಗುಲಿನಲ್ಲಿ ಚೌಕ ಚೌಕವಾಗಿ, ನಾವು ಕತ್ತರಿಸಿದ ಅಳತೆಗೇ ಸರಿಯಾಗಿ ಹುಲ್ಲಿನ ಹಿಂಡು. ಬುಡ ಸ್ವಲ್ಪ ಕೆಂಪು, ಎಸಳು ತೆಳು ಹಸಿರು. ನಾಯಿ ಮಲಗುತ್ತಿದ್ದ ಚೌಕದ ಹುಲ್ಲು ಉಳಿದವಕ್ಕಿಂತ ಎತ್ತರವಾಗಿತ್ತು. ಅಷ್ಟೇ ಅಲ್ಲ, ಬಂಡೆಗಳ ಸಂದಿಯಲ್ಲಿ ಅಷ್ಟೂ ವರ್ಷ ಅಡಗಿ ಕೂತಿದ್ದ ಹಳೆಯ ಹುಲ್ಲು ಅಕೇಶಿಯಾ ಕಿತ್ತ ಜಾಗಕ್ಕೆ ಮೆಲ್ಲಗೆ ಕಾಲು ಚಾಚುತ್ತಿತ್ತು. ಅದನ್ನು ಯಾರೂ ನೆಟ್ಟಿರಲಿಲ್ಲ. ನಾನು ತುಂಬಿದ ಕೊಡದ ಪಕ್ಕ ಕೂತೆ. ಹೊತ್ತು ತಂದ ನೀರನ್ನು ನಾನೇ ಕುಡಿದೆ.

ಚಿಕ್ಕಮ್ಮನಿಗೆ ಹೇಳಲಿಲ್ಲ. ಹೇಳಿದ ಮರುದಿನವೇ ಏನಾದರೂ ಆದರೆ?

ದೀಪಾವಳಿ ಬಂತು. ಗೋಪೂಜೆಯ ಬೆಳಿಗ್ಗೆ ಚಿಕ್ಕಮ್ಮನ ಅಂಗಳಕ್ಕೆ ಒಂದು ಪಿಕಪ್ ಬಂದು ನಿಂತಿತು. ನೆಮ್ಮಾರಿನ ತಂಗಿಯ ಮಗ. ಹಿಂದಿನ ಡಬ್ಬಿಯಲ್ಲಿ ಹುಲ್ಲು ಹಾಸಿ, ಹಗ್ಗ ಕಟ್ಟಿ ಎಲ್ಲ ಸಿದ್ಧ ಮಾಡಿಕೊಂಡೇ ಬಂದಿದ್ದ. ದನಗಳಿಗೆ ಸ್ನಾನವಾಗಿತ್ತು, ಕೋಡಿಗೆ ಬಣ್ಣ, ಕೊರಳಿಗೆ ಚೆಂಡುಹೂವು. ಕೆಂಪು ದನ ಆ ಗಾಡಿಯ ಕನ್ನಡಿಯನ್ನೇ ಕಣ್ಣಿಟ್ಟು ನೋಡುತ್ತಿತ್ತು.

“ದೊಡ್ಡಮ್ಮ, ಪೂಜೆ ಆದ ಕೂಡಲೇ ಹೊರಡುವ. ಬಿಸಿಲೇರಿದ್ರೆ ದನಕ್ಕೆ ಕಷ್ಟ,” ಎಂದ.

“ತಡೆಯೋ. ಒಂದು ಮಾತು ಬಾಕಿ ಉಂಟು,” ಎಂದು ಚಿಕ್ಕಮ್ಮ ನನ್ನ ಕಡೆ ತಿರುಗಿದರು. “ನಡಿ.”

ಮಂಡಿನೋವಿನವರನ್ನು ನನ್ನವರು ಒಂದು ಕಡೆ, ತಂಗಿಯ ಮಗ ಒಂದು ಕಡೆ ಹಿಡಿದು ಹತ್ತಿಸಿದರು. ನಾನು ಹಿಂದಿನಿಂದ, ಬಿದ್ದರೆ ಹಿಡಿಯಲು. ಅವರು ಬಿದ್ದರೆ ನನ್ನನ್ನೂ ಕೆಡವಿಕೊಂಡೇ ಬೀಳುತ್ತಿದ್ದರು, ಅದು ಬೇರೆ. ಕೆಳಮಗ್ಗುಲಿನಲ್ಲಿ ಹುಲ್ಲು ಅಲ್ಲಲ್ಲಿ ಮಾತ್ರ. ಚಿಕ್ಕಮ್ಮ ಅದನ್ನು ನೋಡುತ್ತಲೇ ಹತ್ತಿದರು. ತಿರುವು ದಾಟಿ ಮೇಲ್ಮಗ್ಗುಲಿಗೆ ಬಂದೆವು.

ಅಲ್ಲಿ ಚೌಕಗಳು ಕಾಣುತ್ತಿರಲಿಲ್ಲ, ಒಂದಕ್ಕೊಂದು ಕೂಡಿಕೊಂಡಿದ್ದವು. ಹುಲ್ಲು ಸೊಂಟಕ್ಕೆ ಬರುತ್ತಿತ್ತು. ತೆನೆ ಬಿಟ್ಟು, ಗಾಳಿಗೆ ಎಲ್ಲ ಒಂದೇ ಕಡೆ ಬಾಗಿ ಏಳುತ್ತಿತ್ತು. ಚಿಕ್ಕಮ್ಮ ಇಬ್ಬರ ಕೈಯನ್ನೂ ಬಿಡಿಸಿಕೊಂಡು ಒಳಗೆ ನಡೆದರು. ಕಾಲ ಬುಡದಿಂದ ಒಂದು ಲಾವುಗೆ ಹಕ್ಕಿ ಬುರ್ರನೆ ಎದ್ದು ಹೋಯಿತು. ನಾನು ಕಿರುಚಿದೆ. ಅವರು ಅಲುಗಲಿಲ್ಲ. ಒಂದು ದಂಟು ಕಿತ್ತು ಬಾಯಿಗಿಟ್ಟು ಅಗಿದರು, ಉಗಿದರು, ಇನ್ನೊಂದು ಕಿತ್ತರು.

“ಈ ವರ್ಷ ದನ ಹತ್ತಿಸೋದು ಬೇಡ,” ಎಂದರು ಕೊನೆಗೆ.

“ಯಾಕೆ ಚಿಕ್ಕಮ್ಮ?”

“ಬೀಜ ಉದುರಲಿ ಮಾರಾಯ್ತಿ, ಹೊಸ ಬ್ಯಾಣ. ಉದುರಿದ ಮೇಲೆ ಕೊಯ್ದು ಹಾಕ್ತೇನೆ. ಮುಂದಿನ ಮಳೆಗೆ ಹತ್ತಿಸುವ.” ಆಮೇಲೆ ತಂಗಿಯ ಮಗನ ಕಡೆ ತಿರುಗಿದರು. “ನೀನು ಊಟ ಮಾಡ್ಕೊಂಡು ಹೋಗು.”

“ದನ?”

“ಅವೂ ಊಟ ಮಾಡ್ತಾವೆ. ಇಲ್ಲೇ ಇರ್ತಾವೆ.”

ಅವನು ನನ್ನವರ ಮುಖ ನೋಡಿದ. ನನ್ನವರು “ಎಂತ ಆಗ್ತದೆ?” ಎನ್ನುವ ಮುಖ ಮಾಡಿದರು. ನನಗೆ ನಗಬೇಕೋ ಕೂರಬೇಕೋ ತಿಳಿಯದೆ ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ಏನೋ ಚುಚ್ಚಿತು. ಚುಚ್ಚಲಿ ಎಂದು ಕೂತೇ ಇದ್ದೆ.

ಪೂಜೆಯಾಯಿತು. ದನಗಳಿಗೆ ಕಡುಬು, ಬಾಳೆಹಣ್ಣಿನ ಜೊತೆಗೆ ಚಿಕ್ಕಮ್ಮ ಮೇಲಿನಿಂದ ತಂದ ಒಂದು ಹಿಡಿ ಹುಲ್ಲನ್ನೂ ಇಟ್ಟರು. ಕೆಂಪು ದನ ಕಡುಬು ಬಿಟ್ಟು ಮೊದಲು ಹುಲ್ಲಿಗೆ ಬಾಯಿ ಹಾಕಿತು. ಊಟ ಮುಗಿದ ಮೇಲೆ, ಬಂದ ಗಾಡಿ ಬರಿದೇ ಹೋಗಬಾರದೆಂದು ಚಿಕ್ಕಮ್ಮ ಹಟ ಹಿಡಿದರು. ನಮ್ಮ ಹಿತ್ತಿಲಲ್ಲಿ ರಾಶಿ ಹಾಕಿದ್ದ ಅಕೇಶಿಯಾದ ಬೇರುಬುಡಗಳನ್ನೆಲ್ಲ ಪಿಕಪ್ಪಿಗೆ ಏರಿಸಿದೆವು. ದನಕ್ಕೆಂದು ಹಾಸಿದ ಹುಲ್ಲಿನ ಮೇಲೆ ಕಟ್ಟಿಗೆ ಕೂತು ನೆಮ್ಮಾರಿಗೆ ಹೊರಟಿತು. ಹಬ್ಬದ ಊಟಕ್ಕೆಂದು ಬಂದಿದ್ದ ಸಾಹೇಬರು ಗಾಡಿಗೆ ಕೈ ಬೀಸಿ, “ಟೀಚರೇ, ಈ ಡಿಸೆಂಬರಿಗೆ ಕಂಬಳಿ ಎಲ್ಲಿಂದ? ಈಗ ಸಂತೆಯಲ್ಲಿ ಸಿಗುವುದು ಹುಲಿ ಚಿತ್ರದ ರಗ್ಗು ಮಾತ್ರ,” ಎಂದರು.

“ಕೆಳಮಗ್ಗುಲಿಗೆ ಅದೇ ಸಾಕು. ಬೀಜ ಈಗ ಮನೆ ಹಿಂದೆಯೇ ಉಂಟಲ್ಲ,” ಎಂದರು ನನ್ನವರು.

“ಸಾಕು. ಹುಲಿ ಹೊದ್ದುಕೊಂಡು ಹೋದ್ರೆ ಈ ಸಲ ನಾಯಿಯೂ ಹತ್ತಿರ ಬರುದಿಲ್ಲ,” ಎಂದರು ಸಾಹೇಬರು.

ನನ್ನ ಮನಸ್ಸು ಹೊಸ ಚಿಂತೆಯೊಂದನ್ನು ಹುಡುಕುತ್ತಿತ್ತು. ಬೇಸಿಗೆಯಲ್ಲಿ ಯಾರಾದರೂ ಬೀಡಿ ಎಸೆದರೆ? ಬೆಂಕಿ ಬಾರದಂತೆ ಸುತ್ತ ಸವರಿಸಬೇಕು. ಆದರೆ ಆ ಮಧ್ಯಾಹ್ನ ಅದು ಹೆಚ್ಚು ಕಾಡಲಿಲ್ಲ, ಕೊಟ್ಟಿಗೆಯ ಕಡೆಯಿಂದ ನಾಲ್ಕು ದನಗಳ ಕೊರಳಗಂಟೆಯ ಸದ್ದು ಕೇಳುತ್ತಿತ್ತು.

ಚಿಕ್ಕಮ್ಮ ಮೆಟ್ಟಿಲ ಮೇಲೆ ಕಾಲು ನೀಡಿ ಕೂತು ಸೀರೆಯ ಅಂಚಿಗೆ ಚುಚ್ಚಿಕೊಂಡಿದ್ದ ಬೀಜಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ನನಗೆ ಬಚ್ಚಲ ಒಲೆ ನೆನಪಾಗಿ ಗಾಬರಿಯಾಯಿತು.

“ಚಿಕ್ಕಮ್ಮ, ಅದನ್ನ ಬೆಂಕಿಗೆ ಹಾಕ್ಬೇಡಿ. ಇಬ್ಬನಿಗೂ ಇಡ್ಬೇಡಿ!”

ಅವರು ತಲೆಯೆತ್ತಲಿಲ್ಲ. ಬಿಡಿಸಿದ ಬೀಜಗಳನ್ನು ಮಡಿಲಿಗೆ ಹಾಕಿಕೊಳ್ಳುತ್ತಲೇ ಇದ್ದರು. “ನನಗೆ ಹೇಳ್ಬೇಡ ಮಾರಾಯ್ತಿ,” ಎಂದರು. “ಒಳಗೆ ಹೋಗಿ ಒಂದು ಒಣ ಡಬ್ಬ ತಾ.”